ಬೆರಕೆ ಸೊಪ್ಪು ಮತ್ತು ಹಿಮೋಗ್ಲೋಬಿನ್

ಸೊಪ್ಪು ತಿಂದರೆ ಒಳ್ಳೇದು ಅಂತ ಹೇಳೋಕೆ ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಬೇಕಾ ಅಂತ ನೀವು ಕೇಳಬಹುದು. ಬೇಡ ನಿಜ. ನಮ್ಮ ಅಜ್ಜಿಯರಿಗೆ ಗೊತ್ತಿದ್ದ ವಿಷಯ ಅದು. ಆದರೆ ಕಳೆದ ವರ್ಷ ನಮ್ಮನೇಲಿ ಎದ್ದ ಒಂದು ಪ್ರಶ್ನೆಗೆ ಉತ್ತರ ಹುಡುಕ್ತಾ ಹೋಗಿ ಒಂದಷ್ಟು ಓದಿದೆ, ವಿಚಾರಿಸಿದೆ. ಅದನ್ನ ಇಲ್ಲಿ ಹಂಚಿಕೊಳ್ತಿದೀನಿ.

ನನ್ನ ತಂಗೀನ ತುಮಕೂರು ಜಿಲ್ಲೆಯ ಒಂದು ಹಳ್ಳಿಗೆ ಕೊಟ್ಟಿದೀವಿ. ಐದು ತಿಂಗಳ ಬಸುರಿ ಇದ್ದಾಗ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.2 ಬಂತು. ಬಸುರಿಯರಲ್ಲಿ ಇದು 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ ಅಂತ ಲೆಕ್ಕ. ಹೆರಿಗೆ ಹೊತ್ತಲ್ಲಿ ರಕ್ತಸ್ರಾವ ಜಾಸ್ತಿ ಆದರೆ ಅಂಥ ಮೈ ತಡಕೊಳ್ಳೋದು ಕಷ್ಟ. ನಮ್ಮವ್ವ ಕೇಳಿದ್ದು ಒಂದೇ ಮಾತು: "ಹೊಲದ ತುಂಬಾ ಸೊಪ್ಪೈತೆ, ಇವಳಿಗ್ಯಾಕೆ ರಕ್ತ ಇಲ್ಲ?"

ಅವ್ವನ ಪ್ರಶ್ನೇಲಿ ಅರ್ಥ ಇತ್ತು. ಮಳೆ ಬಿದ್ದ ಮೇಲೆ ನಮ್ಮ ಕಡೆ ರಾಗಿ ಹೊಲದ ಸಾಲಲ್ಲಿ, ಬದುವಲ್ಲಿ ಅಣ್ಣೆ ಸೊಪ್ಪು, ಕಿರಕಸಾಲೆ, ಹೊನಗೊನೆ, ಗಣಿಕೆ, ಗೋಣಿ ಸೊಪ್ಪು ತಾನಾಗೇ ಎದ್ದು ಬರ್ತವೆ. ಯಾರೂ ಬಿತ್ತಲ್ಲ, ನೀರು ಹಾಯಿಸಲ್ಲ. ಕಳೆ ಕೀಳೋಕೆ ಹೋದ ಹೆಂಗಸರು ಸಂಜೆ ಮಡಿಲು ತುಂಬಾ ತರ್ತಾರೆ. ಎಲ್ಲಾ ಸೇರಿಸಿದರೆ ಬೆರಕೆ ಸೊಪ್ಪು. ಜೊತೆಗೆ ಅಲಸಂದೆಯೋ ಹುರುಳಿಯೋ ಒಂದು ಹಿಡಿ ಕಾಳು ಹಾಕಿ ಬೇಯಿಸಿ ಬಸಿದರೆ, ಬಸಿದ ನೀರಲ್ಲಿ ಬಸ್ಸಾರು, ಉಳಿದದ್ದು ಪಲ್ಯ.

ಈ ಬಸಿದ ನೀರನ್ನ ಚೆಲ್ಲದೇ ಇರೋದ್ರಲ್ಲೇ ಇದೆ ಜಾಣತನ. ಸೊಪ್ಪಿನಲ್ಲಿರೋ ಫೋಲಿಕ್ ಆಮ್ಲದ ಜಾತಿಯ ಸತ್ವ ನೀರಲ್ಲಿ ಕರಗುವಂಥದ್ದು. ಬೇಯಿಸಿದಾಗ ಬಿಸಿಗೆ ಒಂದಷ್ಟು ಹಾಳಾಗುತ್ತೆ, ಒಂದಷ್ಟು ನೀರಿಗೆ ಇಳಿಯುತ್ತೆ. ನೀರು ಚೆಲ್ಲಿದರೆ ಅದೂ ಹೋಯ್ತು. ಬಸ್ಸಾರಲ್ಲಿ ಅದು ತಟ್ಟೆಗೇ ವಾಪಸ್ ಬರುತ್ತೆ. ಕೊನೇಲಿ ಹಾಕೋ ಎಣ್ಣೆ ಒಗ್ಗರಣೆಗೂ ಕೆಲಸ ಇದೆ. ಸೊಪ್ಪಿನ ಬೀಟಾ ಕೆರೋಟಿನ್ ನಮ್ಮ ಮೈಯಲ್ಲಿ ವಿಟಮಿನ್ ಎ ಆಗುತ್ತೆ, ಆದರೆ ಮೈಗೆ ಹತ್ತಬೇಕಾದರೆ ಸ್ವಲ್ಪ ಜಿಡ್ಡು ಬೇಕು.

ಫೋಲಿಕ್ ಅನ್ನೋ ಹೆಸರು ಬಂದಿದ್ದೇ ಎಲೆ ಅನ್ನೋ ಅರ್ಥದ ಲ್ಯಾಟಿನ್ ಪದ 'ಫೋಲಿಯಂ'ನಿಂದ. 1941ರಲ್ಲಿ ಅಮೆರಿಕದ ಸಂಶೋಧಕರು ರಾಶಿ ರಾಶಿ ಪಾಲಕ್ ಸೊಪ್ಪಿನಿಂದ ಅದನ್ನ ಬೇರ್ಪಡಿಸಿ ಆ ಹೆಸರಿಟ್ಟರು. ಅದಕ್ಕೂ ಹತ್ತು ವರ್ಷ ಮುಂಚೆ ಲೂಸಿ ವಿಲ್ಸ್ ಅನ್ನೋ ಬ್ರಿಟಿಷ್ ವೈದ್ಯೆ ನಮ್ಮ ಬಾಂಬೆಯಲ್ಲೇ, ಬಟ್ಟೆ ಗಿರಣಿಗಳಲ್ಲಿ ದುಡೀತಿದ್ದ ಬಸುರಿ ಹೆಂಗಸರ ರಕ್ತಹೀನತೆ ಬಗ್ಗೆ ಕೆಲಸ ಮಾಡಿದ್ದರು. ಮಾರ್ಮೈಟ್ ಅನ್ನೋ ಯೀಸ್ಟ್ ಸಾರ ಕೊಟ್ಟರೆ ಅವರು ಚೇತರಿಸಿಕೊಳ್ತಾರೆ ಅಂತ 1931ರಲ್ಲಿ ಪ್ರಕಟಿಸಿದರು. ಅದರೊಳಗೆ ಇದ್ದದ್ದೂ ಇದೇ ಸತ್ವ ಅಂತ ಆಮೇಲೆ ಗೊತ್ತಾಯ್ತು. ಮಗುವಿನ ಮೆದುಳು, ಬೆನ್ನುಹುರಿ ಆಗೋ ನಾಳ ಗರ್ಭ ನಿಂತ ಮೊದಲ 28 ದಿನದೊಳಗೇ ಮುಚ್ಚಿಕೊಳ್ಳುತ್ತೆ. ಎಷ್ಟೋ ಹೆಂಗಸರಿಗೆ ಆಗಿನ್ನೂ ಬಸುರಿ ಅಂತ ಗೊತ್ತೇ ಇರಲ್ಲ. ಅದಕ್ಕೇ ಮುಂಚಿನಿಂದಲೇ ಫೋಲಿಕ್ ಆಮ್ಲ ಇರಬೇಕು ಅನ್ನೋದು.

ಹಾಗಾದರೆ ನನ್ನ ತಂಗಿಗೆ ಯಾಕೆ ಕಡಿಮೆ ಆಯ್ತು? ಊರಿಗೆ ಹೋಗಿ ಎರಡು ದಿನ ಅವಳ ಮನೇಲಿದ್ದೆ. ಮೊದಲು ಮಾವ, ಭಾವ, ಮಕ್ಕಳು ಉಂಡರು. ಆಮೇಲೆ ಅತ್ತೆ. ಕೊನೇಲಿ ಇವಳು ಕೂತಾಗ ಪಲ್ಯದ ಪಾತ್ರೆ ಖಾಲಿ. ಮುದ್ದೆ, ತಿಳಿ ಸಾರು. ಉಂಡ ಕೈ ತೊಳೆದು ಒಂದು ಲೋಟ ಟೀ. "ಸೊಪ್ಪೇ ತಿಂದಿಲ್ವಲ್ಲಮ್ಮ" ಅಂದೆ. "ಮಾಡೋದೇ ನಾನು ಅಣ್ಣಾ, ತಿಂದೇ ತಿಂತೀನಿ" ಅಂತ ನಕ್ಕಳು.

ಇನ್ನೊಂದು ವಿಷಯ. ಸೊಪ್ಪಿನಲ್ಲಿ ಕಬ್ಬಿಣ ಇದೆ ನಿಜ, ಆದರೆ ಮಾಂಸದ ಕಬ್ಬಿಣದಷ್ಟು ಸುಲಭವಾಗಿ ಮೈಗೆ ಹತ್ತಲ್ಲ. ಜೊತೆಗೆ ನಿಂಬೆಹಣ್ಣೋ ನೆಲ್ಲಿಕಾಯೋ ಇದ್ದರೆ ಜಾಸ್ತಿ ಹತ್ತುತ್ತೆ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಅದರಲ್ಲಿರೋ ಒಗರಿನ ಅಂಶ ಕಬ್ಬಿಣಾನ ಹಿಡಕೊಂಡು ಬಿಡುತ್ತೆ. ಒಂದು ಗಂಟೆ ಬಿಟ್ಟು ಕುಡೀರಿ ಅಂತಾರೆ ಡಾಕ್ಟರು. ಎಲ್ಲಕ್ಕಿಂತ ಮುಖ್ಯ, ರಕ್ತ 8ಕ್ಕೆ ಇಳಿದ ಮೇಲೆ ಬರೀ ಸೊಪ್ಪಿನಿಂದ ಅದನ್ನ ಮೇಲೆತ್ತೋಕೆ ಆಗಲ್ಲ. ಆಶಾ ಕಾರ್ಯಕರ್ತೆ ಮಾತ್ರೆ ಕೊಟ್ಟು ಹೋಗಿದ್ದರು. ದಿನಕ್ಕೊಂದರಂತೆ ಆರು ತಿಂಗಳು ನುಂಗೋ ಕಬ್ಬಿಣ, ಫೋಲಿಕ್ ಆಮ್ಲದ ಮಾತ್ರೆ. ಅವು ಡಬ್ಬೀಲಿ ಹಾಗೇ ಇದ್ದವು. ನುಂಗಿದರೆ ಹೊಟ್ಟೆ ತೊಳಸುತ್ತೆ, ಮಲ ಕಪ್ಪಗೆ ಹೋಗುತ್ತೆ, ಮಗು ಕಪ್ಪಗೆ ಹುಟ್ಟುತ್ತೆ ಅಂತ ಓಣಿಯ ಮಾತು. ಮೊದಲ ಎರಡು ನಿಜ, ಮಗು ಬಣ್ಣದ ಮಾತು ಸುಳ್ಳು. ರಾತ್ರಿ ಊಟ ಆಗಿ ಸ್ವಲ್ಪ ಹೊತ್ತು ಬಿಟ್ಟು ನುಂಗು ಅಂತ ನರ್ಸಮ್ಮ ಹೇಳಿಕೊಟ್ಟ ಮೇಲೆ ತೊಳಸೋದು ಕಡಿಮೆ ಆಯ್ತು.

ಅತ್ತೆಮ್ಮ ಕೆಟ್ಟವರಲ್ಲ. ತಾವೂ ಹಾಗೇ ಕೊನೇಲಿ ಉಂಡು ಬಂದೋರು. ನಮ್ಮವ್ವ ಹೋಗಿ ಏನು ಮಾತಾಡಿದಳೋ, ಪಲ್ಯ ಮೊದಲೇ ಒಂದು ಬಟ್ಟಲಿಗೆ ತೆಗೆದಿಡೋ ಪದ್ಧತಿ ಶುರುವಾಯ್ತು. ಮಾತ್ರೆ, ಸೊಪ್ಪು, ನಿಂಬೆಹಣ್ಣು, ಮೊಟ್ಟೆ. ಎರಡೂವರೆ ತಿಂಗಳಿಗೆ 10.6 ಆಯ್ತು. ಹೆರಿಗೆ ಸಲೀಸಾಗಿ ಆಯ್ತು, ಹೆಣ್ಣು ಮಗು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನಕ್ಕೆ ರಕ್ತಹೀನತೆ ಇದೆ. ಸೊಪ್ಪು ಕೀಳೋರು, ಸೋಸೋರು, ಬೇಯಿಸೋರು ಇವರೇ.

ಪೇಟೆಯವರಿಗೂ ಸೊಪ್ಪು ಬೇಕೇ ಬೇಕು. ಹಣ್ಣು, ತರಕಾರಿ ಸೇರಿ ದಿನಕ್ಕೆ 400 ಗ್ರಾಂ ಆದರೂ ತಿನ್ನಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಆಲೂಗಡ್ಡೆ ಅದರ ಲೆಕ್ಕಕ್ಕಿಲ್ಲ. ಹೃದಯದ ಕಾಯಿಲೆ, ಪಾರ್ಶ್ವವಾಯು ಬರೋ ಸಾಧ್ಯತೆ ಕಡಿಮೆ ಆಗುತ್ತೆ, ನಾರಿನಂಶದಿಂದ ಮಲಬದ್ಧತೆ ತಪ್ಪುತ್ತೆ. ದಿನವಿಡೀ ಕುರ್ಚೀಲಿ ಕೂರೋ ನಮ್ಮಂಥೋರಿಗೆ ಇದು ಸಣ್ಣ ಲಾಭ ಅಲ್ಲ. ಒಂದು ಎಚ್ಚರ: ರಕ್ತ ಹೆಪ್ಪುಗಟ್ಟದಿರಲಿ ಅಂತ ವಾರ್ಫರಿನ್ ಮಾತ್ರೆ ತಗೊಳ್ಳೋರು ಸೊಪ್ಪನ್ನ ದಿಢೀರ್ ಜಾಸ್ತಿ ಮಾಡೋದು, ದಿಢೀರ್ ಬಿಡೋದು ಮಾಡಬೇಡಿ. ಸೊಪ್ಪಿನ ವಿಟಮಿನ್ ಕೆ ಆ ಮಾತ್ರೆಗೆ ಎದುರಾಗಿ ಕೆಲಸ ಮಾಡುತ್ತೆ. ಕಿಡ್ನಿ ತೊಂದರೆ ಇರೋರೂ ಡಾಕ್ಟರನ್ನ ಕೇಳಿ.

ಊರಲ್ಲಿ ಈಗ ಕಳೆನಾಶಕ ಹೊಡೆಯೋರು ಜಾಸ್ತಿ ಆಗಿದಾರೆ. ಕೂಲಿಯವರು ಸಿಗಲ್ಲ, ರೈತರನ್ನ ಬೈದು ಪ್ರಯೋಜನ ಇಲ್ಲ. ಆದರೆ ಕಳೆ ಜೊತೆ ಅಣ್ಣೆ ಸೊಪ್ಪೂ ಹೋಗುತ್ತೆ. ಒಂದು ಮೂಲೆ ಹೊಡೀದೆ ಬಿಡಿ ಅಂತ ನಮ್ಮಪ್ಪನಿಗೆ ಹೇಳಿದೀನಿ, ಬಿಟ್ಟಿದಾರೆ.

ಸೊಪ್ಪು ತನ್ನಿ, ಬಸ್ಸಾರು ಮಾಡಿ. ಎಲ್ಲರಿಗೂ ಬಡಿಸಿದ ಮೇಲೆ ಪಲ್ಯದ ಪಾತ್ರೇಲಿ ಏನು ಉಳಿದಿದೆ ಅಂತ ಒಂದು ಸಲ ಎದ್ದು ಹೋಗಿ ನೋಡಿ.