ನಳಿಗೆಗೆ ಸಳಿ ತುರುಕುವ ಮುನ್ನ

ಚುನಾವಣೆ ಬಂತೆಂದರೆ ಲೈಸೆನ್ಸ್ ಬಂದೂಕುಗಳು ಠಾಣೆಗೆ ಹೋಗುತ್ತವೆ. ತಿಕೋಟಾ, ಬಬಲೇಶ್ವರದ ತೋಟದ ಮನೆಗಳಿಗೆ ಮರಳುವಾಗ ನಳಿಗೆಯೊಳಗೆ ದೂಳು, ಒಮ್ಮೊಮ್ಮೆ ತುಕ್ಕು. ಕೈಗೆ ಸಿಕ್ಕ ಕಬ್ಬಿಣದ ಸಳಿ ತುರುಕಬೇಡ್ರಿ! ರೈಫಲ್‌ ಗುರಿಯೆಲ್ಲ ಒಳಗಿನ ತಿರುಚು ಗೆರೆಗಳಲ್ಲೇ ಇರುವುದು. ಮೊದಲು ಗುಂಡು ತೆಗೆದು, ಬೋಲ್ಟ್ ಕಳಚಿ, ಚೇಂಬರಿಗೆ ಬೆರಳಿಟ್ಟು ಖಾಲಿಯೇ ನೋಡಿ. ಲೇಪನವಿರುವ ಒಂದೇ ತುಂಡಿನ ರಾಡ್, ಅಳತೆಗೆ ತಕ್ಕ ಕಂಚಿನ ಬ್ರಷ್. ನಳಿಗೆಯ ಹಿಂದಿನಿಂದ ಬಾಯಿಯ ಕಡೆಗೆ ತಳ್ಳಿ. ಎನ್‌ಸಿಸಿ ಹುಡುಗರ ಪುಲ್‌ಥ್ರೂ, ಅಂದರೆ ಚಿಂದಿ ಕಟ್ಟಿ ನಳಿಗೆಯೊಳಗೆ ಎಳೆಯುವ ಹಗ್ಗವಾದರೂ ನಡೆದೀತು, ಅದನ್ನು ಓರೆಯಾಗಿ ಎಳೆದರೆ ಮಾತ್ರ ಬಾಯಿ ಸವೆಯುತ್ತದೆ. ವಿಜಯಪುರದ ಮಲಿಕ್-ಎ-ಮೈದಾನ್‌ ತೋಪಿನ ಬಾಯೊಳಗೆ ಮನುಷ್ಯನೇ ತೂರಿ ಒರೆಸಬಹುದು, ಆ ಸೌಲಭ್ಯ ನಮಗಿಲ್ಲ. ಕೊನೆಗೆ ತೆಳ್ಳಗೆ ಎಣ್ಣೆ. ಹಾರಿಸುವ ಮುನ್ನ ಆ ಎಣ್ಣೆಯನ್ನು ಒಣಬಟ್ಟೆಯಲ್ಲಿ ಒರೆಸಲೇಬೇಕು.