ಸಾಮಾನ್ಯ ಹುಡುಗಿಯರಾಗುವ ಬಯಕೆ

1977ರ ಜುಲೈ 17. ಟೋಕಿಯೋ ನಗರದ ಹಿಬಿಯಾ ಉದ್ಯಾನದ ಬಯಲು ರಂಗಮಂದಿರ. ವೇದಿಕೆಯ ಮೇಲಿದ್ದ ಮೂವರು ತರುಣಿಯರು ಕಣ್ಣೀರಿಡುತ್ತ, ತಾವು ಮರಳಿ ಸಾಮಾನ್ಯ ಹುಡುಗಿಯರಾಗಬೇಕೆಂದು ಸಾರಿದಾಗ ನೆರೆದವರು ದಿಗ್ಭ್ರಾಂತರಾದರು.

ರಾನ್, ಸೂ, ಮಿಕಿ: ಇವರೇ ‘ಕ್ಯಾಂಡೀಸ್’ ಗಾಯಕಿಯರು. ಇವರ ಮೊದಲ ಧ್ವನಿಮುದ್ರಿಕೆ 1973ರಲ್ಲಿ ಹೊರಬಂದಿತು. ಆಗ ನಡುವೆ ನಿಂತು ಹಾಡುತ್ತಿದ್ದವಳು ಸೂ; ಕೀರ್ತಿ ಬೇಗನೆ ಒಲಿಯಲಿಲ್ಲ. 1975ರಲ್ಲಿ ಆ ಸ್ಥಾನಕ್ಕೆ ರಾನ್ ಬಂದಳು, ಅದೃಷ್ಟವೂ ಬಂದಿತು. ಪಕ್ಕಕ್ಕೆ ಸರಿದ ಸೂವಿನ ಮನದಲ್ಲಿ ಏನಿತ್ತೋ! ಗೆಳೆತನಕ್ಕಂತೂ ಕುಂದು ಬರಲಿಲ್ಲ.

1978ರ ಏಪ್ರಿಲ್ 4ರಂದು ಕೊರಾಕುಎನ್ ಕ್ರೀಡಾಂಗಣದಲ್ಲಿ ಸುಮಾರು 55,000 ಜನರೆದುರು ಅವರು ಕೊನೆಯ ಬಾರಿ ಹಾಡಿದರು. ಮಾರಾಟದಲ್ಲಿ ಮೊದಲ ಸ್ಥಾನಕ್ಕೇರಿದ ಅವರ ಏಕೈಕ ಗೀತೆ ಆ ವಿದಾಯದ ಗೀತೆಯೇ ಆದುದು ವಿಧಿಯ ವಿನೋದವಲ್ಲವೆ?

ಬಯಸಿದ ಸಾಮಾನ್ಯ ಬದುಕು ಬಹುಕಾಲ ನಿಲ್ಲಲಿಲ್ಲ. 1980ರಲ್ಲಿ ರಾನ್, ಸೂ ಇಬ್ಬರೂ ನಟಿಯರಾಗಿ ಮರಳಿದರು. ತನಾಕಾ ಯೋಶಿಕೋ ಎಂಬ ನಿಜನಾಮದಿಂದ ನಟಿಸಿದ ಸೂವಿಗೆ, ಹಿರೋಷಿಮಾದ ದುರಂತವನ್ನು ಕುರಿತ ‘ಕಪ್ಪು ಮಳೆ’ ಚಿತ್ರ 1989ರಲ್ಲಿ ದೊಡ್ಡ ಹೆಸರು ತಂದಿತು.

2011ರ ಏಪ್ರಿಲಿನಲ್ಲಿ ಆಕೆ ಕ್ಯಾನ್ಸರಿನಿಂದ ತೀರಿಕೊಂಡಳು. ಅಂತ್ಯಕ್ರಿಯೆಯಂದು, ಆಕೆ ಮೊದಲೇ ಮುದ್ರಿಸಿಟ್ಟಿದ್ದ ಮಾತುಗಳು ಕೇಳಿಬಂದವು. ಸಾವಿನ ಹೊಸ್ತಿಲಲ್ಲಿದ್ದವಳು ಆ ವರ್ಷದ ಭೂಕಂಪದಲ್ಲಿ ನೊಂದವರಿಗಾಗಿ ಮರುಗಿದ್ದಳು. ಗೆಳತಿಗೆ ವಿದಾಯ ಹೇಳಲು ರಾನ್ ಮತ್ತು ಮಿಕಿ ಅಲ್ಲಿ ಜೊತೆಯಾಗಿ ನಿಂತಿದ್ದರು.