ಚಾಚಾರ ಕುದುರೆ ಮತ್ತು ಎಕ್ಲಿಪ್ಸ್

ವಿಜಯಪುರ ಇನ್ನೂ ಬಿಜಾಪುರವಾಗಿದ್ದ ಕಾಲ. ನಮ್ಮ ಚಾಚಾ ಸ್ಟೇಷನ್ನಿನಿಂದ ಗಾಂಧಿ ಚೌಕದವರೆಗೆ ಟಾಂಗಾ ಹೊಡೆಯುತ್ತಿದ್ದರು. ಅವರ ಕೆಂಪು ಕುದುರೆಗೆ ಹೆಸರೇ ಇರಲಿಲ್ಲ, 'ಬೇಟಾ' ಎಂದು ಕರೆದರೆ ಕಿವಿ ನಿಮಿರಿಸುತ್ತಿತ್ತು. ವಾರವಿಡೀ ಜನರನ್ನು ಎಳೆದು, ಜಾತ್ರೆ ಬಂದರೆ ಗಾಡಿ ಶರ್ಯತ್ತಿಗೂ ಹೋಗುತ್ತಿತ್ತು.

ಒಂದು ವರ್ಷ ತಿಕೋಟಾದಲ್ಲಿ ಅದು ಮೊದಲು ಬಂತು. ಕೊರಳಿಗೆ ಹಾರ, ಮೈಗೆಲ್ಲ ಗುಲಾಲು. ನಾವು ಅಣ್ಣತಮ್ಮಂದಿರು ಗಾಡಿಯ ಹಿಂದೆ ಕೂಗುತ್ತ ಓಡಿದೆವು. ಮನೆಯಲ್ಲಿ ಅಮ್ಮಿ ಮಾತ್ರ, "ಇದರಾಗ ಜೂಜಿನ ರೊಕ್ಕ ಎಷ್ಟೈತಿ?" ಎಂದು ಕೇಳಿದರು. "ಬಹುಮಾನದ ರೊಕ್ಕ ಭಾಭಿ" ಎಂದರು ಚಾಚಾ. ಅದೇ ರೊಕ್ಕದಲ್ಲಿ ನಮಗೆ ಹೊಸ ಚಪ್ಪಲಿ ಬಂದವು. ನಾವು ಹೆಚ್ಚು ವಿಚಾರಿಸಲಿಲ್ಲ.

ಮರುವರ್ಷ ಬಬಲೇಶ್ವರದ ಹತ್ತಿರ ಕಲ್ಲುಹಾದಿಯಲ್ಲಿ ಕುದುರೆ ಮುಗ್ಗರಿಸಿತು, ಮುಂಗಾಲು ಕುಂಟಾಯಿತು. ಪಂಥ ಕಟ್ಟಿದವರ ಸಾಲ ತೀರಿಸಲು ಟಾಂಗಾ ಹೋಯಿತು, ಹಿಂದೆಯೇ ಕುದುರೆಯೂ. ಕುಂಟ ಕುದುರೆಯನ್ನು ಯಾರು ಕೊಂಡರು, ಯಾಕೆ ಕೊಂಡರು ಎಂದು ಕೇಳುವ ಧೈರ್ಯ ನಮಗಿರಲಿಲ್ಲ.

ಇದೆಲ್ಲ ನೆನಪಾದದ್ದು ಎಕ್ಲಿಪ್ಸ್‌ನ ಕಥೆ ಓದುವಾಗ. 1764ರ ಸೂರ್ಯಗ್ರಹಣದ ದಿನ ಇಂಗ್ಲೆಂಡಿನ ರಾಜಮನೆತನದ ಲಾಯದಲ್ಲಿ ಹುಟ್ಟಿದ್ದರಿಂದ ಅದಕ್ಕೆ ಆ ಹೆಸರು. ಮುಂದೆ ಅದನ್ನು ವೈಲ್ಡ್‌ಮನ್ ಎಂಬ ಮಾಂಸದ ವ್ಯಾಪಾರಿ ಕೊಂಡ, ಅವನಿಂದ ಡೆನಿಸ್ ಓಕೆಲಿ ಎಂಬ ಜೂಜುಕೋರ. ಜೂಜುಕೋರರು ಎಲ್ಲ ಕಡೆಯೂ ಇದ್ದಾರೆ! 1769 ಮತ್ತು 1770ರಲ್ಲಿ ಅದು 18 ಪಂದ್ಯಗಳಿಗೆ ಇಳಿಯಿತು, ಹದಿನೆಂಟನ್ನೂ ಗೆದ್ದಿತು. ಎಷ್ಟೋ ಸಲ ಎದುರು ಕುದುರೆ ತರುವವರೇ ಇಲ್ಲದೆ ಒಂಟಿಯಾಗಿ ನಡೆದು ಬಹುಮಾನ ಪಡೆಯಿತು. ಅದರ ವಿರುದ್ಧ ಪಂಥ ಕಟ್ಟುವವರು ಸಿಗದಾದಾಗ ಓಟ ನಿಲ್ಲಿಸಿ ತಳಿಗೆ ಬಿಟ್ಟರು.

ಅದರ ಮುತ್ತಜ್ಜನ ತಂದೆ ಇಂಗ್ಲೆಂಡಿನದಲ್ಲ. ಸಿರಿಯಾದ ಅಲೆಪ್ಪೊ, ಅಂದರೆ ನಮ್ಮ ಹಿರಿಯರ ಬಾಯಲ್ಲಿನ ಹಲಬ್, ಅಲ್ಲಿಂದ ಥಾಮಸ್ ಡಾರ್ಲಿ 1704ರಲ್ಲಿ ಊರಿಗೆ ಕಳಿಸಿದ ಅರಬೀ ಗಂಡುಕುದುರೆ. ಇಂದು ಜಗತ್ತಿನ ಥರೋಬ್ರೆಡ್ ಗಂಡುಕುದುರೆಗಳಲ್ಲಿ ನೂರಕ್ಕೆ ಸುಮಾರು 95ರ ಪಿತೃವಂಶ ಅದಕ್ಕೇ ಸೇರುತ್ತದೆ, ಅದೂ ಬಹುತೇಕ ಎಕ್ಲಿಪ್ಸ್ ಮೂಲಕ. ಬೆಂಗಳೂರು, ಮೈಸೂರಿನ ರೇಸುಗಳಲ್ಲಿ ಓಡುವ ಕುದುರೆಗಳ ಮೂಲವೂ ಅಲ್ಲಿಯೇ. 1791ರಿಂದ ಇಂಥ ಕುದುರೆಗಳ ವಂಶಾವಳಿಯನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದಾರೆ. ಅರಬೀ ಕುದುರೆಗಳು ಆದಿಲ್‌ಶಾಹಿಗಳ ಲಾಯಕ್ಕೂ ಪಡುವಣ ಬಂದರುಗಳಿಂದ ಬರುತ್ತಿದ್ದವು. ಚಾಚಾರ ಕುದುರೆಯಲ್ಲೂ ಆ ರಕ್ತದ ಒಂದು ಹನಿ ಇತ್ತೋ ಏನೋ. ಟಾಂಗಾ ಕುದುರೆಯ ವಂಶಾವಳಿ ಬರೆಯುವವರು ಯಾರು?

1789ರಲ್ಲಿ ಎಕ್ಲಿಪ್ಸ್ ಸತ್ತಾಗ ಪಶುವೈದ್ಯರು ಅದರ ಎಲುಬೆಲುಬನ್ನು ಅಳೆದರು. ಅಸ್ಥಿಪಂಜರ ಇಂದಿಗೂ ಇಂಗ್ಲೆಂಡಿನ ರಾಯಲ್ ವೆಟರ್ನರಿ ಕಾಲೇಜಿನಲ್ಲಿ ನಿಂತಿದೆ. ಮೊನ್ನೆ ಮೊಬೈಲಿನಲ್ಲಿ ಅದರ ಚಿತ್ರವನ್ನು ಚಾಚಾರಿಗೆ ತೋರಿಸಿದೆವು. ಈಗ ಅವರಿಗೆ ಕಣ್ಣು ಮಂಜು. ಬಹಳ ಹೊತ್ತು ಮುಂಗಾಲುಗಳನ್ನೇ ನೋಡಿದರು.

"ಓಡೂದು ಬಿಟ್ಟ ಮ್ಯಾಲೆ ಎಷ್ಟ ವರ್ಷ ಸಾಕಿದ್ರು?"

"ಹದಿನೆಂಟು ವರ್ಷ ಚಾಚಾ."

ಅವರು ಮೊಬೈಲನ್ನು ಮೆಲ್ಲಗೆ ನಮ್ಮ ಕೈಗಿಟ್ಟು ಆ ಕಡೆ ಹೊರಳಿ ಮಲಗಿದರು.